ಸುಮಾತ್ರಾದ ಹೊಗೆ, ನಮ್ಮ ಮನೆಯ ಟೇಬಲ್ ಫ್ಯಾನು

2013ರ ಜೂನ್. ಊರಿಂದ ಅಮ್ಮ ಫೋನಿನಲ್ಲಿ "ಮಳೆ ಹಿಡಿದಿದೆ" ಎನ್ನುತ್ತಿದ್ದರು. ಇಲ್ಲಿ ಸಿಂಗಾಪುರದಲ್ಲಿ ನಮ್ಮ ಕಿಟಕಿಯಿಂದ ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಊರಿಗೆ ಮಳೆ ತರುವ ನೈರುತ್ಯ ಮಾರುತದ ಕಾಲದಲ್ಲೇ ಇಲ್ಲಿಗೆ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಹೊಗೆ ಬರುತ್ತದೆ. 21ರ ಮಧ್ಯಾಹ್ನ, ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಇಲ್ಲಿನ ಪಿಎಸ್‌ಐ ಸೂಚ್ಯಂಕ 401 ಮುಟ್ಟಿತು. 300 ದಾಟಿದರೇ ಅಪಾಯ.

ಅಂಗಡಿಯಲ್ಲಿ ಎನ್95 ಮಾಸ್ಕ್ ಖಾಲಿ, ಏರ್ ಪ್ಯೂರಿಫೈಯರ್ ಕೂಡ ಖಾಲಿ. ಪ್ಯೂರಿಫೈಯರ್ ಒಳಗೆ ಹಾಕುವ, ಸಣ್ಣ ಕಣಗಳನ್ನೂ ಹಿಡಿಯುವ ಬಿಡಿ ಹೆಪಾ ಫಿಲ್ಟರ್ ಒಂದು ಸಿಕ್ಕಿತು. ಅದನ್ನು ಟೇಬಲ್ ಫ್ಯಾನಿನ ಮುಂದೆ ಕಟ್ಟಿದೆ. ಗಾಳಿಯೆಲ್ಲ ಪಕ್ಕದ ಸಂದಿಯಿಂದ ನುಣುಚಿಕೊಂಡಿತು. ಆಮೇಲೆ ಹಿಂಬದಿಗೆ ಹಾಕಿ, ಸುತ್ತ ರಟ್ಟು ಇಟ್ಟು, ಟೇಪಿನಿಂದ ಬಿಗಿಯಾಗಿ ಮುಚ್ಚಿದೆ. ಇಡೀ ಮನೆಯ ಆಸೆ ಬಿಟ್ಟು ಒಂದೇ ಕೋಣೆ ಹಿಡಿದೆ. ಅದರ ಕಿಟಕಿ ಸಂದಿಗೆ ಟೇಪು, ಬಾಗಿಲ ಕೆಳಗೆ ಒದ್ದೆ ಟವೆಲ್. ಮೂರೇ ದಿನಕ್ಕೆ ಬಿಳಿ ಫಿಲ್ಟರ್ ಚಹಾ ಸೋಸುವ ಬಟ್ಟೆಯ ಬಣ್ಣಕ್ಕೆ ಬಂತು.

ಒಂದು ದಡ್ಡತನವೂ ಆಯಿತು. ಎಲ್ಲ ಮುಚ್ಚಿದ ಮನೆಯಲ್ಲಿ ಸಾರಿಗೆ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದೆ. ನಾವು ಜಾಸ್ತಿ ಕೆಮ್ಮಿದ್ದು ಆವತ್ತೇ. ಆ ವಾರವೆಲ್ಲ ಮೊಸರನ್ನ.

ಈ ಹೊಗೆ ಸುಮ್ನೆ ಕಾಡ್ಗಿಚ್ಚಿನದು ಅಂದುಕೊಂಡಿದ್ದೆ. ಆದರೆ ಅಲ್ಲಿ ಉರಿಯುವುದು ನೆಲವೇ. ಸುಮಾತ್ರಾದ ರಿಯಾವು ಪ್ರಾಂತ್ಯದ ಕಡೆಯ ಜೌಗಿನಲ್ಲಿ ಸಾವಿರಾರು ವರ್ಷದ ಎಲೆ, ಬೇರು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂತಿದೆ. ಅದಕ್ಕೆ ಪೀಟ್ ಎನ್ನುತ್ತಾರೆ. ತಾಳೆ ಬೆಳೆಯಲು ಕಾಲುವೆ ತೋಡಿ ಅದರ ನೀರು ಬಸಿಯುತ್ತಾರೆ. ನಮ್ಮ ಅಡಿಕೆ ತೋಟದ ಬಸಿಗಾಲುವೆಯ ಹಾಗೇ, ಅಲ್ವಾ? ಒಣಗಿದ ಪೀಟಿಗೆ ಕಿಡಿ ತಗುಲಿದರೆ ಬೂದಿ ಮುಚ್ಚಿದ ಕೆಂಡದಂತೆ ಮಣ್ಣಿನಡಿ ವಾರಗಟ್ಟಲೆ ಇರುತ್ತದೆ. ಮೇಲಿಂದ ನೀರು ಸುರಿದರೆ ಸಾಲದು. ಕಾಲುವೆಗೆ ಅಡ್ಡ ಕಟ್ಟಿ ನೆಲವನ್ನು ಮತ್ತೆ ನೆನೆಸಬೇಕು. ನನ್ನ ಟೇಪು ಅಷ್ಟು ದೂರ ಹೋಗುವುದಿಲ್ಲ!

ಆಗ್ನೇಯ ಏಷ್ಯಾದ ಒಕ್ಕೂಟವಾದ ಆಸಿಯಾನ್‌ನ ದೇಶಗಳು ಗಡಿ ದಾಟುವ ಹೊಗೆಯನ್ನು ತಡೆಯುವ ಒಪ್ಪಂದಕ್ಕೆ ಸಹಿ ಹಾಕಿದ್ದು 2002ರಲ್ಲಿ. ಇಂಡೋನೇಷ್ಯಾದ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿದ್ದು 2014ರಲ್ಲಿ. ಅದೇ ವರ್ಷ ಸಿಂಗಾಪುರವೂ ಒಂದು ಕಾನೂನು ತಂದಿತು: ಹೊರದೇಶದಲ್ಲಿ ಬೆಂಕಿಯಿಟ್ಟು ಇಲ್ಲಿಗೆ ಹೊಗೆ ಕಳಿಸಿದ ಕಂಪನಿಗೂ ದಿನಕ್ಕೆ 1 ಲಕ್ಷ ಸಿಂಗಾಪುರ ಡಾಲರ್‌ವರೆಗೆ ದಂಡ. ಬರೀ ಇಂಡೋನೇಷ್ಯಾವನ್ನು ಬೈಯುವುದು ನನಗೆ ಸರಿ ಕಾಣುವುದಿಲ್ಲ. ಆ ತೋಟಗಳಲ್ಲಿ ಸಿಂಗಾಪುರ, ಮಲೇಷ್ಯಾದವರ ದುಡ್ಡೂ ಇದೆ. ಇಂಡೋನೇಷ್ಯಾದ ತಾಳೆ ಎಣ್ಣೆ ನಮ್ಮೂರ ಬಜ್ಜಿ ಬಾಣಲೆಗೂ ಬರುತ್ತದೆ.

2015ರ ಸೆಪ್ಟೆಂಬರಿನಲ್ಲಿ ಮತ್ತೆ ಹೊಗೆ. 25ರಂದು ಶಾಲೆಗಳಿಗೇ ರಜೆ ಕೊಟ್ಟರು. ಬೀರುವಿನ ಮೇಲಿಂದ ಫ್ಯಾನ್ ಇಳಿಸಿದೆ. ಈ ಸಲ ಟೇಪ್ ಹರಿದು ಹರಿದು ಕೊಟ್ಟವಳು ಮಗಳು.