ಕೊಲೆ ಸುದ್ದಿಯನ್ನು ಊರು, ಮನೆತನ ಮುಚ್ಚಿ ಓದುವುದು ಹೇಗೆ

ಸ್ವಲ್ಪ ದಿನದ ಹಿಂದೆ ಒಂದು ರಾತ್ರಿ ಕೊಡಗಿನ ನಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ಸುದ್ದಿ ಬಂತು. ತೋಟದಲ್ಲಿ ಒಬ್ಬರಿಗೆ ಕತ್ತಿಯೇಟು ಬಿದ್ದಿದೆ ಅಂತ. ಹೊಡೆದದ್ದು ಯಾರು ಅಂತ ಇರಲಿಲ್ಲ. ಐದೇ ನಿಮಿಷ, "ಲೈನ್ ಮನೆಯ ಅಸ್ಸಾಮಿಗಳೇ ಇರಬೇಕು" ಅಂತ ಒಬ್ಬರು ಬರೆದರು. ತೋಟದ ಕೂಲಿಯವರ ಸಾಲುಮನೆಗೆ ನಮ್ಮಲ್ಲಿ ಲೈನ್ ಮನೆ ಅನ್ನುತ್ತೇವೆ, ಅಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದವರಿದ್ದಾರೆ. "ಇವರನ್ನೆಲ್ಲ ಮೊದಲು ಊರು ಬಿಡಿಸಬೇಕು" ಅಂತ ಇನ್ನೊಬ್ಬರು. ನಾನೂ ಒಂದು ಹೆಬ್ಬೆಟ್ಟು ಒತ್ತಿದೆ, ಸುಳ್ಳು ಯಾಕೆ ಹೇಳಲಿ. ಬೆಳಿಗ್ಗೆ ಗೊತ್ತಾಯಿತು, ಅದು ಬೇಲಿ ಜಗಳ, ಹೊಡೆದದ್ದು ಚಿಕ್ಕಪ್ಪನ ಮಗ. ಗ್ರೂಪ್ ತಣ್ಣಗಾಯಿತು. ಒಬ್ಬರು ಮಾತ್ರ, "ಪಾಪ, ಒಳ್ಳೆ ಹುಡುಗ, ಏನೋ ಸಿಟ್ಟಲ್ಲಿ ಆಗಿಹೋಗಿದೆ" ಅಂದರು.

ಈ "ಪಾಪ" ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಅಂತ ನೋಡಲು ಆಮೇಲಿಂದ ನಾನು ಕೆಲವು ಕೆಲಸ ಮಾಡುತ್ತೇನೆ. ನೀವೂ ಮಾಡಿ ನೋಡಿ, ಎರಡು ನಿಮಿಷ ಸಾಕು.

ಮೊದಲು ಮಾಡಿದ ಕೆಲಸಕ್ಕೆ ಯಾವ ಪದ ಹಾಕಿದ್ದಾರೆ ನೋಡಿ. 2005ರಲ್ಲಿ ಕತ್ರಿನಾ ಚಂಡಮಾರುತಕ್ಕೆ ಅಮೆರಿಕದ ನ್ಯೂ ಆರ್ಲಿಯನ್ಸ್ ಮುಳುಗಿದಾಗ ಎರಡು ಫೋಟೊ ಎಲ್ಲ ಕಡೆ ಓಡಾಡಿದವು. ಎರಡರಲ್ಲೂ ಎದೆಮಟ್ಟ ನೀರು, ಕೈಯಲ್ಲಿ ತಿನ್ನುವ ಸಾಮಾನು. ಕಪ್ಪು ಹುಡುಗನ ಫೋಟೊ ಕೆಳಗೆ ಅಂಗಡಿ "ಲೂಟಿ" ಮಾಡಿ ಬರುತ್ತಿದ್ದಾನೆ ಅಂತ ಇತ್ತು. ಬಿಳಿಯರಿಬ್ಬರ ಫೋಟೊ ಕೆಳಗೆ ಅಂಗಡಿಯಲ್ಲಿ ಬ್ರೆಡ್ಡು, ಸೋಡಾ "ಸಿಕ್ಕಿತು" ಅಂತ. ಎರಡೂ ಬೇರೆ ಬೇರೆ ಏಜೆನ್ಸಿಯವು, ಯಾರೂ ಕೂತು ಸಂಚು ಮಾಡಿದ್ದಲ್ಲ. ಸಂಚು ಬೇಕಾಗುವುದೇ ಇಲ್ಲ, ತೊಂದರೆ ಇರುವುದೇ ಅಲ್ಲಿ. ನಮ್ಮಲ್ಲೂ ಹಂದಿ ಬೇಟೆಗೆ ಹೋದಲ್ಲಿ ಜನ ಸತ್ತರೆ "ಕೋವಿಯಿಂದ ಸಿಡಿದ ಗುಂಡಿಗೆ ಬಲಿ" ಅಂತ ಬರೆಯುತ್ತಾರೆ, ಕೋವಿ ತಾನೇ ಎದ್ದು ಹಾರಿಸಿದ ಹಾಗೆ.

ಆಮೇಲೆ ಫೋಟೊ. ಠಾಣೆಯಲ್ಲಿ ನೆಲದ ಮೇಲೆ ಕೂರಿಸಿ ತೆಗೆದದ್ದಾ, ಮದುವೆ ಮನೆಯಲ್ಲಿ ಸೂಟು ಹಾಕಿ ನಿಂತದ್ದಾ? ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಬಿಳಿ ವಿದ್ಯಾರ್ಥಿಯೊಬ್ಬ 2015ರಲ್ಲಿ ಪ್ರಜ್ಞೆ ಇಲ್ಲದ ಹುಡುಗಿಯ ಮೇಲೆ ದೌರ್ಜನ್ಯ ಮಾಡಿ ಸಿಕ್ಕಿಬಿದ್ದ. ಬಹಳ ದಿನ ಸುದ್ದಿಯಲ್ಲಿ ಓಡಿದ್ದು ಅವನ ನಗುಮುಖದ ಕಾಲೇಜು ಫೋಟೊ, ಜೊತೆಗೆ ಎಷ್ಟು ಒಳ್ಳೆ ಈಜುಗಾರ ಅನ್ನುವ ವಿವರ. ಸರ್ಕಾರಿ ವಕೀಲರು 6 ವರ್ಷ ಕೇಳಿದ್ದರು, ಸಿಕ್ಕಿದ್ದು 6 ತಿಂಗಳು, ಒಳಗಿದ್ದದ್ದು 3 ತಿಂಗಳು. 2018ರಲ್ಲಿ ಜನ ವೋಟು ಹಾಕಿ ಆ ಜಡ್ಜನ್ನೇ ಕೆಳಗಿಳಿಸಿದರು ಅನ್ನಿ.

ಮೂರನೆಯದು, ಒಬ್ಬ ಮಾಡಿದ್ದು ಎಷ್ಟು ಜನರ ತಲೆಗೆ ಬರುತ್ತದೆ ಅಂತ ಎಣಿಸಿ. 2015ರ ಜೂನ್ 17ರಂದು ಡಿಲನ್ ರೂಫ್ ಎಂಬ ಬಿಳಿ ಯುವಕ ಅಮೆರಿಕದ ಚಾರ್ಲ್ಸ್‌ಟನ್‌ನ ಕಪ್ಪು ಜನರ ಚರ್ಚಿಗೆ ಹೋಗಿ, ಬೈಬಲ್ ಓದುತ್ತಿದ್ದವರ ಜೊತೆ ಕೂತು, ಆಮೇಲೆ 9 ಜನರನ್ನು ಗುಂಡಿಟ್ಟು ಕೊಂದ. ಬಣ್ಣದ ದ್ವೇಷ ಅಂತ ಅವನೇ ಬರೆದಿಟ್ಟಿದ್ದ. ಆದರೂ "ತಲೆ ಸರಿ ಇಲ್ಲದ ಒಂಟಿ ಹುಡುಗ" ಅನ್ನುವ ಮಾತು ಬಂತು. ಬಿಳಿಯರೆಲ್ಲ ಕ್ಷಮೆ ಕೇಳಿ ಅಂತ ಯಾರೂ ಹೇಳಲಿಲ್ಲ, ಹೇಳಲೂ ಬಾರದು. ಈಗ ನಮ್ಮ ಬೆಂಗಳೂರಿಗೆ ಬನ್ನಿ. 2016ರ ಜನವರಿ ಕೊನೆಗೆ ಹೆಸರಘಟ್ಟ ಕಡೆ ಸುಡಾನಿನ ವಿದ್ಯಾರ್ಥಿಯ ಕಾರು ಬಡಿದು ಒಬ್ಬ ಹೆಂಗಸು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ ತಾಂಜಾನಿಯಾದ ಹುಡುಗಿಯನ್ನು ಗುಂಪು ಹಿಡಿದು ಹೊಡೆಯಿತು, ಕಾರಿಗೆ ಬೆಂಕಿ ಹಚ್ಚಿತು. ದೇಶ ಬೇರೆ, ಕಾರು ಬೇರೆ, ಅಪಘಾತಕ್ಕೂ ಅವಳಿಗೂ ಸಂಬಂಧವೇ ಇಲ್ಲ. ಬಣ್ಣ ಒಂದೇ ಇತ್ತು, ಅಷ್ಟೇ.

ನಮಗೆ ಇದು ಹೊಸದೇನಲ್ಲ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಕೆಲವು ಪಂಗಡಗಳಿಗೆ ಹುಟ್ಟಾ ಅಪರಾಧಿಗಳು ಅಂತ ಮುದ್ರೆ ಒತ್ತಿದರು. ಆ ಕಾನೂನು ಹೋದದ್ದು 1952ರಲ್ಲಿ. ತಲೆಯೊಳಗಿಂದ ಇನ್ನೂ ಪೂರ್ತಿ ಹೋಗಿಲ್ಲ, ಹಾಡಿಯ ಎರವರ (ಇಲ್ಲಿನ ಆದಿವಾಸಿ ಪಂಗಡ) ಹುಡುಗ ಸಂಜೆ ಮೇಲೆ ತೋಟದ ರಸ್ತೆಯಲ್ಲಿ ಸುಮ್ನೆ ನಿಂತರೂ "ಇಲ್ಲೇನು ಕೆಲಸ" ಅಂತ ಕೇಳುತ್ತೇವೆ ಅಲ್ವಾ?

ಇನ್ನು ಮುಖ್ಯವಾದ ಕೆಲಸ, ಆಳು ಬದಲಾಯಿಸಿ ಓದುವುದು. ಇದು ಸ್ವಲ್ಪ ಚುಚ್ಚುತ್ತದೆ. ನಮ್ಮ ಕೋವಿಯನ್ನೇ ತೆಗೆದುಕೊಳ್ಳಿ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ. ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಇದು, ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ 10 ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಸರಿ ಅಂತ ಎತ್ತಿಹಿಡಿಯಿತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಕೋವಿಗೆ ಹೂ ಇಡುತ್ತೇವೆ, ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಗುಂಡು ಹಾರಿಸುತ್ತೇವೆ, ಅದರ ಸದ್ದು ಕೇಳಿದರೆ ನನಗೆ ಈಗಲೂ ಖುಷಿ. ಅದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ಈಗ ಅದೇ ಕೋವಿಯನ್ನು ಲೈನ್ ಮನೆಯ ಗೋಡೆಗೆ ತೂಗುಹಾಕಿ ನೋಡಿ. ಹಬ್ಬಕ್ಕೆ ಅಸ್ಸಾಮಿನ ಹುಡುಗ ಆಕಾಶಕ್ಕೆ ಒಂದು ಗುಂಡು ಹಾರಿಸಿದ ಅಂದುಕೊಳ್ಳಿ. ಸಂಪ್ರದಾಯ ಅನ್ನುತ್ತೀರಾ, ಠಾಣೆಗೆ ಫೋನ್ ಮಾಡುತ್ತೀರಾ? ನಾನಂತೂ ಫೋನ್ ಮಾಡುತ್ತೇನೆ. ಕಾನೂನು ಪ್ರಕಾರ ಅದು ಸರಿಯೇ ಇರಬಹುದು, ಆದರೆ ನನ್ನ ಎದೆ ಹೊಡೆದುಕೊಳ್ಳುವುದು ಕಾನೂನು ನೋಡಿ ಅಲ್ಲ.

"ಹಾಗಾದರೆ ಹೊರಗಿನವರು ತಪ್ಪು ಮಾಡಿದರೆ ಹೇಳಲೇಬಾರದಾ" ಅಂತ ಕೇಳುವವರಿದ್ದಾರೆ. ಹೇಳಿ. ಆರೋಪಿ ಓಡಿಹೋಗಿದ್ದಾನೆ, ಹುಡುಕಬೇಕು ಅಂದರೆ ಊರು ಬೇಕೇ ಬೇಕು. ಲೈನ್ ಮನೆಯವರ ಆಧಾರ್ ಜೆರಾಕ್ಸ್ ತೆಗೆದಿಟ್ಟುಕೊಳ್ಳುವುದೂ ತಪ್ಪಲ್ಲ. ಆರೋಪಿ ನಮ್ಮದೇ ಜಿಲ್ಲೆಯ ಸೋಮವಾರಪೇಟೆಯವನಾಗಿದ್ದರೂ ಊರಿನ ಹೆಸರನ್ನು ಇಷ್ಟೇ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದರಾ ಅಂತ ಒಮ್ಮೆ ಕೇಳಿಕೊಂಡರೆ ಸಾಕು.

ಕೊನೆಗೆ, ಕಾಯಿರಿ. 1989ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋದ ಬಿಳಿ ಹೆಂಗಸಿನ ಮೇಲೆ ಅತ್ಯಾಚಾರ ಆದಾಗ, ಕಪ್ಪು ಮತ್ತು ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಹುಡುಗರು ಐವರನ್ನು ಹಿಡಿದರು. ಎಲ್ಲ 14ರಿಂದ 16 ವಯಸ್ಸಿನವರು. ಪೇಪರಿನವರು ತೋಳದ ಹಿಂಡು ಅಂದರು. ಡೊನಾಲ್ಡ್ ಟ್ರಂಪ್ ಮರಣದಂಡನೆ ವಾಪಸ್ ತನ್ನಿ ಅಂತ ಪುಟ ತುಂಬ ಜಾಹೀರಾತು ಕೊಟ್ಟರು. ಹುಡುಗರು ಜೈಲಿನಲ್ಲಿ ವರ್ಷಗಟ್ಟಲೆ ಕಳೆದರು. 2002ರಲ್ಲಿ ಬೇರೊಬ್ಬ ತಾನೇ ಮಾಡಿದ್ದು ಅಂತ ಒಪ್ಪಿಕೊಂಡ, ಡಿಎನ್ಎ ಕೂಡ ಅವನದೇ ಆಗಿತ್ತು. 13 ವರ್ಷ ಬೇಕಾಯಿತು. ನಮ್ಮ ಗ್ರೂಪಿಗೆ ಒಂದು ರಾತ್ರಿ ಸಾಕಾಗಿತ್ತು, ಅಷ್ಟೂ ಕಾಯಲಿಲ್ಲ.

ಈಗ ಇಂಥ ಸುದ್ದಿ ಬಂದರೆ ಜಾಸ್ತಿ ಭಾಷಣ ಮಾಡುವುದಿಲ್ಲ, "ಎಫ್ಐಆರ್ ಆಗಿದೆಯಾ? ಯಾರ ಮೇಲೆ?" ಅಂತ ಎರಡೇ ಪ್ರಶ್ನೆ ಹಾಕುತ್ತೇನೆ. ಹೋದ ವಾರ ಹಾಕಿದಾಗ ಹಿರಿಯರೊಬ್ಬರು "ನಿನಗೇನು ಅವರ ಮೇಲೆ ಅಷ್ಟು ಪ್ರೀತಿ" ಅಂತ ಬರೆದರು. ಆಮೇಲೆ ಇನ್ಯಾರೋ ಕರಿಮೆಣಸಿನ ರೇಟ್ ಹಾಕಿದರು, ಮಾತು ಅಲ್ಲಿಗೆ ಹೋಯಿತು.