ಹಕ್ಕಿಯ ಕಣ್ಣಿಗೆ ಬೀಳದ ಬಟ್ಟೆ: ನನ್ನ ಅನುಭವ

ಹಕ್ಕಿ ಫೋಟೋ ತೆಗೆಯಲು ಶುರು ಮಾಡಿದವರು ಸುತ್ತಲಿನ ಗಿಡಮರದಲ್ಲಿ ಬೆರೆತುಹೋಗುವ ಎಲೆ ಚಿತ್ತಾರದ ಬಟ್ಟೆ, ಅಂದರೆ ಕ್ಯಾಮೊ, ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ನಾನು ಚಿತ್ತಾರ ನೋಡುವುದು ಕೊನೆಗೆ. ಬಟ್ಟೆ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದೇ ಮೊದಲು.

ಪರೀಕ್ಷೆಗೆ ಮೊಬೈಲ್ ಸಾಕು. ಜೊತೆಯವರಿಗೆ ಆ ಬಟ್ಟೆ ಹಾಕಿಸಿ, ನಾನು ಕೂರುವ ಜಾಗದಲ್ಲೇ ಕೂರಿಸುತ್ತೇನೆ. ಮೂವತ್ತು ನಲವತ್ತು ಹೆಜ್ಜೆ ದೂರದಿಂದ ಫೋಟೋ ತೆಗೆದು ಅದನ್ನು ಕಪ್ಪು ಬಿಳುಪು ಮಾಡುತ್ತೇನೆ. ಬಣ್ಣ ಹೋದ ಮೇಲೆ ಎಲ್ಲ ಗೊತ್ತಾಗುತ್ತದೆ. ಸಣ್ಣ ಸಣ್ಣ ಎಲೆಗಳ ಚಿತ್ತಾರ ಅಷ್ಟು ದೂರಕ್ಕೆ ಕಲೆಸಿಹೋಗಿ ಬರೀ ಕಪ್ಪು ಮುದ್ದೆಯಾಗಿರುತ್ತದೆ. ತಿಳಿ, ಗಾಢ ಎರಡೂ ಇರುವ ದೊಡ್ಡ ಮಚ್ಚೆಗಳಾದರೆ ಹೆಗಲು, ತೋಳಿನ ಆಕಾರ ಒಡೆದುಹೋಗುತ್ತದೆ. ಬೇಕಾಗಿರುವುದು ಅದೇ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ಬೇಸಿಗೆಯಲ್ಲಿ ಹೋದರೆ ಎಲ್ಲಾ ಒಣಹುಲ್ಲಿನ ಬಣ್ಣ. ಅಲ್ಲಿ ಕಡು ಹಸಿರು ಅಂಗಿ ಫರ್ಲಾಂಗು ದೂರಕ್ಕೇ ಎದ್ದು ಕಾಣುತ್ತದೆ. ನಾನು ಮಾಸಲು ಖಾಕಿ ಹಾಕುತ್ತೇನೆ. ಬಯಲಲ್ಲಿ ನಿಂತವರನ್ನು ಯಾವ ಬಟ್ಟೆಯೂ ಮರೆಮಾಡುವುದಿಲ್ಲ, ಅಲ್ಲಿನ ಕೃಷ್ಣಮೃಗದ ಕಣ್ಣು ಅಷ್ಟು ಚುರುಕು. ಹಾಗಾಗಿ ಮಲಗಿಯೇ ಕಾಯಬೇಕು. ಮೊಣಕೈ, ಮೊಣಕಾಲಿನ ಹತ್ತಿರ ದಪ್ಪ ಬಟ್ಟೆ ಹೊಲಿಸಿಕೊಂಡಿದ್ದೇನೆ.

ಆಗುಂಬೆ ಕಾಡು ಇದಕ್ಕೆ ತದ್ವಿರುದ್ಧ. ಮಳೆಗಾಲದಲ್ಲಿ ಹಾಡುಹಗಲೇ ಮಬ್ಬು. ಕಡು ಹಸಿರು, ಕಂದು ಇಲ್ಲಿ ಸರಿ. ಹತ್ತಿ ಬಟ್ಟೆ ನೆಂದರೆ ಇನ್ನೂ ಗಾಢವಾಗುತ್ತದೆ, ಆದರೆ ಒಣಗುವುದೇ ಇಲ್ಲ. ಬೇಗ ಆರುವ, ಮೆತ್ತನೆಯ ಬಟ್ಟೆ ಆರಿಸಿ. ಸರಬರ ಸದ್ದು ಮಾಡುವ ಹೊಳಪಿನ ರೇನ್‌ಕೋಟ್ ಬೇಡ. ರಕ್ತ ಹೀರುವ ಉಂಬಳ ಹತ್ತದಿರಲು ಮೊಣಕಾಲುದ್ದದ ಕಾಲುಚೀಲ ಮರೆಯಬೇಡಿ.

ಬಂಡೀಪುರದ ಸಫಾರಿ ಜೀಪಿಗೆ ಇದ್ಯಾವುದೂ ಬೇಕಾಗಿಲ್ಲ. ಅಷ್ಟು ದೊಡ್ಡ ಗಾಡಿಯೇ ಕಾಣುತ್ತಿರುವಾಗ ಅಂಗಿ ಮುಚ್ಚಿಟ್ಟು ಏನು ಮಾಡುವುದು? ಕಣ್ಣಿಗೆ ಹೊಡೆಯದ ಬಣ್ಣ ಇದ್ದರಾಯಿತು.

ಎಲ್ಲಕ್ಕಿಂತ ಜಾಸ್ತಿ ಹೊಳೆಯುವುದು ಮುಖ ಮತ್ತು ಕೈ, ಅಲುಗಾಡುವುದೂ ಅವೇ. ದುಬಾರಿ ಜಾಕೆಟ್‌ಗಿಂತ ತೆಳ್ಳನೆಯ ಕೈಗವಸು, ಮೂಗಿನ ಮೇಲಕ್ಕೆ ಎಳೆದುಕೊಳ್ಳುವ ಬಟ್ಟೆ ಮೊದಲು ಕೊಳ್ಳಿ. ಪೊದೆಯ ಹಿಂದೆ ಕೂತು ಇಣುಕುವ ಬದಲು ಪೊದೆಯ ಮುಂದೆ, ನೆರಳಲ್ಲಿ ಕೂತುಕೊಳ್ಳಿ. ಹಿಂದೆ ಆಕಾಶ ಬರದ ಹಾಗೆ ನೋಡಿಕೊಳ್ಳಿ.

ಒಗೆಯುವುದೂ ಮುಖ್ಯ. ಬಟ್ಟೆ ಫಳಫಳಿಸಲಿ ಅಂತ ಸೋಪಿನ ಪುಡಿಗೆ ಸೇರಿಸುವ ಪದಾರ್ಥಗಳು ನೇರಳಾತೀತ ಬೆಳಕನ್ನು ನೀಲಿಯಾಗಿ ಹೊರಸೂಸುತ್ತವೆ. ಜಿಂಕೆಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಆದರೆ ನೀಲಿ ಚೆನ್ನಾಗಿ ಕಾಣುತ್ತದೆ. ಹಕ್ಕಿಗಳ ಬಣ್ಣದ ದೃಷ್ಟಿಯಂತೂ ನಮಗಿಂತ ಮೇಲು. ನಾನು ಕಾಡಿನ ಬಟ್ಟೆಗಳನ್ನು ಬೇರೆಯಾಗಿ, ಸಾದಾ ಸೋಪಿನಲ್ಲಿ ಒಗೆಯುತ್ತೇನೆ.

ಕೊಳ್ಳುವಾಗ ಸೈನ್ಯದ ಸಮವಸ್ತ್ರ ಹೋಲುವ ಬಟ್ಟೆ ಮಾತ್ರ ಬೇಡ. ನಮ್ಮ ಸೇನೆ 2022ರ ಸೇನಾ ದಿನದಂದು ಚಿಕ್ಕ ಚಿಕ್ಕ ಚೌಕಗಳ ಚಿತ್ತಾರವಿರುವ ತನ್ನ ಹೊಸ ಡಿಜಿಟಲ್ ಮಾದರಿಯ ಸಮವಸ್ತ್ರ ತೋರಿಸಿತು. ಆ ವಿನ್ಯಾಸದ ಹಕ್ಕು ಸೇನೆಯದ್ದು. ಅಂಥದ್ದೇ ಬಟ್ಟೆ ಅಂಗಡಿಯಲ್ಲಿ ತೂಗುಹಾಕಿದ್ದರೂ ಬಿಟ್ಟುಬಿಡಿ. ಮಾಸಲು ಹಸಿರಿನ ಸಾದಾ ಅಂಗಿಯೇ ಹಕ್ಕಿ ನೋಡಲು ಬೇಕಾದಷ್ಟಾಯಿತು.