ಡರ್ಬನ್‌ಗೆ ಹೊಸದಾಗಿ ಬಂದವರಿಗೆ: ವಾರಿಕ್ ಮಾರ್ಕೆಟ್‌ಗೆ ಹೊರಡುವ ಮುನ್ನ

ಡರ್ಬನ್‌ಗೆ ಬಂದ ಹೊಸದರಲ್ಲಿ ನಮ್ಮವರು ಮಾಲ್‌ನಲ್ಲೇ ತರಕಾರಿ ಕೊಳ್ಳುತ್ತಾರೆ. ಪ್ಲಾಸ್ಟಿಕ್ ಸುತ್ತಿದ ನಾಲ್ಕು ಬದನೆಕಾಯಿ, ಒಂದು ಹಿಡಿ ಕೊತ್ತಂಬರಿ ತಂದು, ಆಮೇಲೆ ನಮ್ಮ ಕನ್ನಡ ಸಂಘದ ಗ್ರೂಪ್‌ನಲ್ಲಿ "ಕರಿಬೇವು ಎಲ್ಲಿ ಸಿಗುತ್ತೆ?" ಎಂದು ಕೇಳುತ್ತಾರೆ. ಪ್ರತಿ ವರ್ಷ ಅದೇ ಪ್ರಶ್ನೆ. ಉತ್ತರವೂ ಅದೇ: ವಾರಿಕ್. ಅದರ ಹಿಂದೆಯೇ ಯಾರಾದರೊಬ್ಬರು "ಅಲ್ಲಿಗೆ ಮಾತ್ರ ಹೋಗಬೇಡಿ, ತುಂಬಾ ಡೇಂಜರ್" ಎಂದು ಬರೆಯುತ್ತಾರೆ. ಹಾಗೆ ಬರೆಯುವವರಲ್ಲಿ ಎಷ್ಟೋ ಜನ ಅಲ್ಲಿಗೆ ಕಾಲಿಟ್ಟೇ ಇಲ್ಲ. ಹೋಗಿ. ಆದರೆ ಹೇಗೆ ಹೋಗಬೇಕು, ಹೇಗೆ ನಡೆದುಕೊಳ್ಳಬೇಕು ಎಂದು ತಿಳಿದುಕೊಂಡು ಹೋಗಿ.

ಯಾವುದು ಎಲ್ಲಿ

ವಾರಿಕ್ ಅಂದರೆ ಒಂದು ಮಾರ್ಕೆಟ್ ಎಂದುಕೊಂಡರೆ ದಾರಿ ತಪ್ಪುತ್ತೀರಿ. ಬೆರಿಯಾ ರೈಲು ನಿಲ್ದಾಣ, ಬಸ್ಸುಗಳು, ಮಿನಿಬಸ್ ಟ್ಯಾಕ್ಸಿಗಳು ಎಲ್ಲಾ ಬಂದು ಸೇರುವ ಜಾಗ ಅದು. ದಿನಕ್ಕೆ 4,60,000 ಜನ ಇಲ್ಲಿ ಹಾದು ಹೋಗುತ್ತಾರೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅವರು ನಡೆಯುವ ದಾರಿಯ ಉದ್ದಕ್ಕೂ ಒಂದಕ್ಕೊಂದು ತಾಗಿಕೊಂಡು ಮಾರ್ಕೆಟ್‌ಗಳಿವೆ.

- ಅರ್ಲಿ ಮಾರ್ನಿಂಗ್ ಮಾರ್ಕೆಟ್: ತರಕಾರಿ, ಹಣ್ಣು, ಹೂವು, ಸೊಪ್ಪು, ಜೀವಂತ ಕೋಳಿ. ಮೊದಲು ಇಲ್ಲಿಗೇ.
- ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್: ಮಸಾಲೆ, ಮೀನು, ಮಾಂಸ, ಉಡುಗೊರೆ ಸಾಮಾನು. ಪ್ರವಾಸಿಗರು ಜಾಸ್ತಿ, ಬೆಲೆಯೂ ಹಾಗೇ.
- ಬ್ರೂಕ್ ಸ್ಟ್ರೀಟ್: ಬಟ್ಟೆ, ಟೋಪಿ, ಪಾತ್ರೆ. ಪಕ್ಕದ ಸ್ಮಶಾನದಲ್ಲಿ ಬಾದಶಾ ಪೀರ್ ದರ್ಗಾ.
- ಮಣಿ ಮಾರ್ಕೆಟ್: ಜುಲು ಹೆಂಗಸರು ಪೋಣಿಸಿದ ಮಣಿ ಸರ, ಒಡವೆ.
- ಗಿಡಮೂಲಿಕೆ ಮಾರ್ಕೆಟ್: ಅರ್ಧಕ್ಕೆ ನಿಂತ ಫ್ಲೈಓವರ್ ಮೇಲೆ.
- ಇಂಪೆಫೊ ಮತ್ತು ಜೇಡಿಮಣ್ಣು ಮಾರುವವರು, ದನದ ತಲೆ ಬೇಯಿಸುವವರು: ಇವರ ಬಗ್ಗೆ ಮುಂದೆ ಬರೆದಿದ್ದೇವೆ.

ರಸ್ತೆಗಳ ಹೆಸರಿನಲ್ಲಿ ಗೊಂದಲವಾಗುತ್ತದೆ. ಮ್ಯಾಪ್‌ನಲ್ಲಿ ಡಾ. ಯೂಸುಫ್ ದಾದೂ ಸ್ಟ್ರೀಟ್ ಎಂದಿದ್ದರೆ ಜನ ಇನ್ನೂ ಗ್ರೇ ಸ್ಟ್ರೀಟ್ ಎನ್ನುತ್ತಾರೆ. ಎರಡನ್ನೂ ನೆನಪಿಡಿ.

ಏನು ಸಿಗುತ್ತದೆ

ಕರಿಬೇವು, ಕೊತ್ತಂಬರಿ, ಬೆಂಡೆ, ಹಾಗಲ, ಸೋರೆ, ಹಸಿಮೆಣಸಿನಕಾಯಿ, ಹಸಿ ಶುಂಠಿ. ಕೊತ್ತಂಬರಿಗೆ ಧನಿಯಾ ಎಂದೇ ಕೇಳಿ. ಸೋರೆಗೆ ಕ್ಯಾಲಬಾಷ್. ಕೆಸುವಿನ ಗೆಡ್ಡೆಗೆ ಮಡುಂಬೆ. ಕರಾವಳಿಯವರು ಕಿವಿ ನೆಟ್ಟಗೆ ಮಾಡಿಕೊಳ್ಳಿ: ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಬೇಯಿಸಿ ಮಾಡುವ ತಿಂಡಿ ಇಲ್ಲಿನ ಭಾರತೀಯರ ಮನೆಗಳಲ್ಲೂ ಇದೆ. ಇಲ್ಲಿ ಅದರ ಹೆಸರು ಪೂರಿ ಪಾತಾ. ಪತ್ರೊಡೆಗೆ ಎಲೆ ಸಿಗಲ್ಲ ಎಂದು ಇನ್ನು ಯಾರೂ ಗೊಣಗಬೇಡಿ.

ಋತು ಇಲ್ಲಿ ತಿರುಗುಮುರುಗು. ಮಾವು, ಲಿಚಿ ಡಿಸೆಂಬರ್ ಹೊತ್ತಿಗೆ ಬರುತ್ತವೆ. ಯುಗಾದಿಗೆ ಮಾವಿನಕಾಯಿ ಬೇಕೆಂದರೆ ಮೊದಲೇ ಹೇಳಿಡಿ.

ಮಸಾಲೆ ಅಂಗಡಿಯಲ್ಲಿ ಗುಡ್ಡದಂತೆ ಕೆಂಪು ಪುಡಿ ಒಟ್ಟಿರುತ್ತಾರೆ. ಒಂದರ ಹೆಸರು 'ಮದರ್ ಇನ್ ಲಾ ಎಕ್ಸ್‌ಟರ್ಮಿನೇಟರ್'. ಅತ್ತೆಯವರು ಊರಿಂದ ಬಂದಾಗ ಆ ಡಬ್ಬಿಯನ್ನು ಒಳಗಿಡಿ. ಖಾರ ನಿಜಕ್ಕೂ ಜಾಸ್ತಿ. ಸಾರಿನ ಪುಡಿಯ ಬದಲು ಇದನ್ನು ಹಾಕುತ್ತೇನೆ ಎನ್ನುವವರು ಅರ್ಧ ಚಮಚದಿಂದ ಶುರು ಮಾಡಿ.

ಸಸ್ಯಾಹಾರಿಗಳಿಗೆ ಬೀನ್ಸ್ ಬನ್ನಿ ಚೌ ಇದೆ. ಬ್ರೆಡ್ಡಿನ ಒಳಗು ತೆಗೆದು ಪಲ್ಯ ತುಂಬಿ ಕೊಡುತ್ತಾರೆ. ಇಂಗ್ಲಿಷ್‌ನಲ್ಲಿ ಬನ್ನಿ ಎಂದರೆ ಮೊಲ, ಆದರೆ ಮೊಲಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾಲು ಬ್ರೆಡ್ ಒಬ್ಬರಿಗೆ ಧಾರಾಳ ಸಾಕು. ಕೈಯಲ್ಲೇ ತಿನ್ನಿ.

ಕೊಳ್ಳುವ ರೀತಿ

ಬೀದಿಯಲ್ಲಿ ತೂಗಿ ಮಾರುವುದು ಕಡಿಮೆ. ಗುಡ್ಡೆ ಲೆಕ್ಕ, ಬಟ್ಟಲು ಲೆಕ್ಕ. ತಕ್ಕಡಿ ಎಲ್ಲಿ ಎಂದು ಹುಡುಕಬೇಡಿ. ಗುಡ್ಡೆಯಲ್ಲಿ ಒಳ್ಳೆಯದನ್ನೇ ಆರಿಸಿಕೊಳ್ಳುತ್ತೇನೆ ಎಂದು ಎಲ್ಲವನ್ನೂ ಕೆದಕಬೇಡಿ. ಬೇಡವೆಂದರೆ ಪಕ್ಕದ ಗುಡ್ಡೆ ನೋಡಿ.

ಬೆಲೆ ಕೇಳುವ ಮೊದಲು ನಮಸ್ಕಾರ ಹೇಳಿ. ಇದು ಬಹಳ ಮುಖ್ಯ. "ಸಾವುಬೋನಾ ಮಾಮಾ" ಎಂದು ನಿಂತು, ಅವರು ಉತ್ತರಿಸಿದ ಮೇಲೆ "ಮಲಿನಿ?" (ಜುಲು ಭಾಷೆಯಲ್ಲಿ 'ಎಷ್ಟು?') ಎಂದರೆ ಮುಖವೇ ಬೇರೆಯಾಗುತ್ತದೆ. ವಯಸ್ಸಾದ ಹೆಂಗಸರಿಗೆ ಗೋಗೋ, ಗಂಡಸರಿಗೆ ಬಾಬಾ, ನಿಮ್ಮ ವಯಸ್ಸಿನವರಿಗೆ ಸಿಸಿ, ಬೂಟಿ. ಹೋಟೆಲಿನ ಹುಡುಗನನ್ನೂ ಅಣ್ಣಾ ಎನ್ನುವ ನಮಗೆ ಇದೇನು ಕಷ್ಟವಲ್ಲ. ದುಡ್ಡನ್ನು ಎಸೆದಂತೆ ಇಡಬೇಡಿ. ಬಲಗೈಯಲ್ಲಿ ಕೊಡಿ, ಕೊಟ್ಟದ್ದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರೆ ಇನ್ನೂ ಒಳ್ಳೆಯದು.

ಚೌಕಾಸಿ ಬಗ್ಗೆ ಸ್ವಲ್ಪ ಬೈಯಲೇಬೇಕು. ಮಾಲ್‌ನಲ್ಲಿ ಬಿಲ್ ನೋಡದೆ ಕಾರ್ಡ್ ಉಜ್ಜುವವರು, ಇಲ್ಲಿ ಜೋಳ ಬೇಯಿಸುವ ಅಜ್ಜಿಯ ಹತ್ತಿರ ಎರಡು ರಾಂಡ್‌ಗೆ ಹತ್ತು ನಿಮಿಷ ವಾದಿಸುತ್ತಾರೆ. ದೊಡ್ಡ ಡ್ರಮ್ಮಿನ ಮುಂದೆ ಬೆಂಕಿಯ ಶಾಖಕ್ಕೆ ಮುಖವೊಡ್ಡಿ ದಿನವಿಡೀ ನಿಂತವರು ಅವರು. ಜೋಳ, ಕಟ್ಟಿಗೆ, ಸಾಗಾಟ ಎಲ್ಲಕ್ಕೂ ಕೈಯಿಂದ ದುಡ್ಡು ಹಾಕಿರುತ್ತಾರೆ. ಜಾಸ್ತಿ ಕೊಂಡರೆ ಕೊಸರು ಕೇಳಿ, ತಪ್ಪಿಲ್ಲ. ಬೊನ್ಸೆಲಾ ಎಂದರೆ ನಗುತ್ತಾ ಒಂದು ಹಿಡಿ ಸೇರಿಸುತ್ತಾರೆ.

ಕೈಗಾಡಿ ತಳ್ಳುವವರಿಗೆ ದಾರಿ ಬಿಡಿ. ರಾತ್ರಿ ಗೋಡೌನಿನಲ್ಲಿಟ್ಟ ಸರಕನ್ನು ಬೆಳಗಿನ ಜಾವ ಜಾಗಕ್ಕೆ ತಂದು, ಸಂಜೆ ವಾಪಸ್ ಒಯ್ಯುವವರು ಅವರೇ. ರಟ್ಟು ಆಯುವ ಹೆಂಗಸರೂ ಕೆಲಸದಲ್ಲಿರುವವರು. ಹುಷಾರಾಗಿ ನೋಡಿದರೆ ಇಡೀ ಜಾಗಕ್ಕೆ ಒಂದು ಲೆಕ್ಕ, ಒಂದು ಶಿಸ್ತು ಇರುವುದು ಕಾಣುತ್ತದೆ. ಯಾರ ಜಾಗ ಯಾವುದು ಎಂಬುದು ಎಲ್ಲರಿಗೂ ಗೊತ್ತು. ಸುಮ್ನೆ ಖಾಲಿ ಕಂಡಿತೆಂದು ಅಲ್ಲಿ ಚೀಲ ಇಟ್ಟು ನಿಲ್ಲಬೇಡಿ.

"ನೀವು ಇಂಡಿಯಾದಲ್ಲಿ ಯಾವ ಊರು?"

ಇದನ್ನು ಕೇಳಬೇಡಿ. ದಯವಿಟ್ಟು.

ಅರ್ಲಿ ಮಾರ್ನಿಂಗ್ ಮಾರ್ಕೆಟ್‌ನ ಆಂಟಿ ನೋಡಲು ನಮ್ಮ ಪಕ್ಕದ ಮನೆಯವರಂತೆಯೇ ಇರುತ್ತಾರೆ. ಮಾತಾಡಿದರೆ ಡರ್ಬನ್ ಇಂಗ್ಲಿಷ್. ಅವರ ಊರು ಡರ್ಬನ್ನೇ. 1860ರ ನವೆಂಬರ್ 16ರಂದು ಮದರಾಸಿನಿಂದ ಟ್ರೂರೋ ಹಡಗು ಇಲ್ಲಿಗೆ ಬಂತು. ಅಂದಿನಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರಾರಿನ ಕೂಲಿಗಳಾಗಿ ನಟಾಲ್‌ಗೆ (ಡರ್ಬನ್ ಇರುವ ಪ್ರಾಂತ್ಯಕ್ಕೆ), ಹೆಚ್ಚಾಗಿ ಕಬ್ಬಿನ ತೋಟಗಳಿಗೆ ಕರೆತಂದರು. ಕರಾರು ಮುಗಿದವರಲ್ಲಿ ಅನೇಕರು ಊರ ಸುತ್ತ ತುಂಡು ಭೂಮಿ ಗೇಣಿಗೆ ಹಿಡಿದು ತರಕಾರಿ ಬೆಳೆದರು. ನೀವು ಚೀಲಕ್ಕೆ ಹಾಕಿಕೊಳ್ಳುವ ಕರಿಬೇವು ಅವರ ಕೈಯಿಂದ ಈ ನೆಲದಲ್ಲಿ ಬೇರುಬಿಟ್ಟದ್ದು.

ಐದನೆಯ ತಲೆಮಾರಿನವರಿಗೆ "ನಿಮ್ಮ ಜಾತಿ ಯಾವುದು, ಯಾಕೆ ತಮಿಳು ಮರೆತಿರಿ" ಎಂದು ಕೇಳುವುದು ಸಭ್ಯತೆಯಲ್ಲ. ನಮ್ಮ ಕಡೆಯವರೊಬ್ಬರು ಹಾಗೆ ಕೇಳಿ, "ನೀನು ನಿನ್ನೆ ಬಂದವನು, ನಾನು ಇಲ್ಲೇ ಹುಟ್ಟಿದವಳು" ಎನ್ನಿಸಿಕೊಂಡು ಬಂದರು. ಆಕೆ ಸರಿಯಾಗೇ ಹೇಳಿದರು. ನವೆಂಬರ್‌ನಲ್ಲಿ ನಮ್ಮ ರಾಜ್ಯೋತ್ಸವದ ಜೊತೆಗೆ ಅವರ 16ನೇ ತಾರೀಖನ್ನೂ ನೆನಪಿಡಿ.

ಅರ್ಲಿ ಮಾರ್ನಿಂಗ್ ಮಾರ್ಕೆಟ್ ಈ ಜಾಗಕ್ಕೆ ಬಂದದ್ದು 1934ರಲ್ಲಿ. 2009ರಲ್ಲಿ, ಫುಟ್‌ಬಾಲ್ ವಿಶ್ವಕಪ್‌ಗೆ ಮುಂಚೆ, ಅದನ್ನು ಕೆಡವಿ ಮಾಲ್ ಕಟ್ಟುವ ಯೋಜನೆ ಬಂತು. ಭಾರತೀಯ ಮೂಲದವರು, ಆಫ್ರಿಕನ್ನರು ಸೇರಿ ಬೀದಿಗಿಳಿದರು, ಕೋರ್ಟಿಗೂ ಹೋದರು. ಮಾಲ್ ಬರಲಿಲ್ಲ. ಆ ಹೋರಾಟದಲ್ಲಿ ಜೊತೆ ನಿಂತ ಆಸಿಯೆ ಎಟಫುಲೇನಿ ಸಂಸ್ಥೆ ಈಗಲೂ ವ್ಯಾಪಾರಿಗಳ ಜೊತೆ ಕೆಲಸ ಮಾಡುತ್ತಿದೆ. ವಾರಿಕ್‌ನೊಳಗೆ ಸುತ್ತಾಡಿಸುವ ನಡಿಗೆಗಳನ್ನೂ ಅವರು ನಡೆಸುತ್ತಾ ಬಂದಿದ್ದಾರೆ. ಒಬ್ಬರೇ ಹೋಗಲು ಹಿಂಜರಿಕೆ ಇದ್ದರೆ ಮೊದಲ ಸಲ ಅಂಥ ನಡಿಗೆಯಲ್ಲೇ ಹೋಗಿ.

ಮೂಗು ಮುಚ್ಚಿಕೊಳ್ಳುವವರಿಗೆ

ದನದ ತಲೆಗಳನ್ನು ಕುದಿಸಿ, ಮಾಂಸ ಬಿಡಿಸಿ, ಉಪ್ಪು ಉದುರಿಸಿ, ಆವಿಯಲ್ಲಿ ಬೆಂದ ಬ್ರೆಡ್ಡಿನ ಜೊತೆ ಕೊಡುವ ಜಾಗ ಇದೆ. ನಮ್ಮಲ್ಲಿ ಅನೇಕರಿಗೆ ನೋಡುವುದೇ ಕಷ್ಟ, ಗೊತ್ತು. ಕಷ್ಟವಾದರೆ ಆ ಕಡೆ ಹೋಗಬೇಡಿ, ಬೇರೆ ದಾರಿ ಇದೆ. ಆದರೆ ಹೋಗಿ ನಿಂತು ಮೂಗಿಗೆ ಸೆರಗು ಹಿಡಿಯುವುದು, ಫೋಟೋ ತೆಗೆದು ಗ್ರೂಪ್‌ಗೆ ಹಾಕಿ "ಛೀ" ಎನ್ನುವುದು ಬೇಡ. ಅದು ಅವರ ಊಟ, ಆ ಹೆಂಗಸರ ದುಡಿಮೆ. ಎಲ್ಲಿ ಹೋದರೂ ಹೊಂದಿಕೊಳ್ಳುವವರು ಕನ್ನಡಿಗರು ಎಂದು ವೇದಿಕೆಯಲ್ಲಿ ಹೇಳಿಕೊಳ್ಳುತ್ತೇವಲ್ಲ, ಅಲ್ಲೂ ತೋರಿಸಿ.

ಫ್ಲೈಓವರ್ ಮೇಲಿನ ಗಿಡಮೂಲಿಕೆ ಮಾರ್ಕೆಟ್‌ನಲ್ಲಂತೂ ಕೇಳದೆ ಕ್ಯಾಮೆರಾ ಎತ್ತಲೇಬೇಡಿ. ತೊಗಟೆ, ಬೇರು, ಪ್ರಾಣಿಗಳ ಎಲುಬು, ಚರ್ಮ ಇರುತ್ತವೆ. ಕಾಯಿಲೆ, ಕಷ್ಟ ಎಂದು ಬಂದವರು ಪಂಡಿತರ ಜೊತೆ ಮಾತಾಡುತ್ತಿರುತ್ತಾರೆ. ಅಲ್ಲಿಂದ ಏನನ್ನೂ ಊರಿಗೆ ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ತೊಂದರೆಯಾಗುತ್ತದೆ. ಇಂಪೆಫೊ ಒಣಗಿದ ಗಿಡ. ಹಿರಿಯರನ್ನು ನೆನೆದು ಸುಡುತ್ತಾರೆ. ಕೆಂಪು, ಬಿಳಿ ಜೇಡಿಯನ್ನು ಬಿಸಿಲಿಗೆ ಮುಖಕ್ಕೆ ಹಚ್ಚುತ್ತಾರೆ.

ಜೋಪಾನ

- ಕರಿಮಣಿ, ಬಳೆ, ಚೈನು ಮನೆಯಲ್ಲಿಡಿ. ಕರಿಮಣಿ ತೆಗೆಯಲಾಗದಿದ್ದರೆ ದಾರದ್ದು ಹಾಕಿ ಬಟ್ಟೆಯೊಳಗೆ ಬಿಡಿ. ಅತ್ತೆಗೆ ನಾವು ಹೇಳುತ್ತೇವೆ.
- ಫೋನು ಕೈಯಲ್ಲಿ ಹಿಡಿದು ವಿಡಿಯೊ ಕಾಲ್ ಮಾಡುತ್ತಾ ನಡೆಯಬೇಡಿ. ಊರಿನವರಿಗೆ ಮಾರ್ಕೆಟ್ ತೋರಿಸುವುದು ಮನೆಗೆ ಬಂದ ಮೇಲೆ.
- ಬೀದಿಯ ಎಟಿಎಂನಲ್ಲಿ ದುಡ್ಡು ತೆಗೆಯಬೇಡಿ. ಯಾರೇ "ಸಹಾಯ ಮಾಡಲಾ, ಕಾರ್ಡ್ ಸಿಕ್ಕಿಹಾಕಿಕೊಂಡಿದೆ" ಎಂದರೂ ಬೇಡ ಎನ್ನಿ. ಸೂಟು ಹಾಕಿದವರಿಗೂ ಬೇಡ ಎನ್ನಿ. ನಮ್ಮ ಭಾಷೆಯಂತೆ ಕೇಳುವ ಮಾತಾಡಿದರೂ ಬೇಡ ಎನ್ನಿ. ಪಿನ್ ಒತ್ತುವಾಗ ಕೈ ಅಡ್ಡ ಹಿಡಿಯಿರಿ. ಕಾರ್ಡ್ ಒಳಗೇ ಉಳಿದರೆ ಅಲ್ಲೇ ನಿಂತು ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಿ, ಆಮೇಲೆ ಜಾಗ ಬಿಡಿ. ಈ ಸಂಘದಲ್ಲಿ ಸಂಬಳವೇ ಕಳೆದುಕೊಂಡವರಿದ್ದಾರೆ.
- ಚಿಲ್ಲರೆ ಮುಂದಿನ ಜೇಬಿನಲ್ಲಿ, ನೋಟು ಒಳಗೆ.
- ಕಾರು ಕಾಯುವವರಿಗೆ ವಾಪಸ್ ಬಂದ ಮೇಲೆ ಐದು ರಾಂಡ್ ಕೊಡಿ. ಕಾರಿನಲ್ಲಿ ಏನೂ ಕಾಣುವಂತೆ ಬಿಡಬೇಡಿ.
- ಮಿನಿಬಸ್ ಟ್ಯಾಕ್ಸಿಯಲ್ಲಿ ಕಂಡಕ್ಟರ್ ಇಲ್ಲದಿದ್ದರೆ ಮುಂದಿನ ಸೀಟಿನವರೇ ಎಲ್ಲರ ದುಡ್ಡಿನ ಲೆಕ್ಕ ಇಡಬೇಕು. ಲೆಕ್ಕ ಬಾರದವರು ಹಿಂದೆ ಕೂರಿ.
- ರೋಬಾಟ್ ಹತ್ತಿರ ಇಳಿಯಿರಿ ಎಂದರೆ ಸಿಗ್ನಲ್ ಹತ್ತಿರ.
- ತಿಂಗಳ ಕೊನೆಯಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಮಕ್ಕಳನ್ನು ಕರೆದೊಯ್ಯಬೇಡಿ.
- ಪೊಲೀಸ್ 10111. ಆಂಬುಲೆನ್ಸ್ 10177. ಮೊಬೈಲ್‌ನಿಂದ 112.

ಇಲ್ಲೇ ಅಂಗಡಿ ಇಡುವವರು

ನಗರಸಭೆಯ ಪರವಾನಗಿ ಬೇಕು. ನಿಮ್ಮ ವೀಸಾದಲ್ಲಿ ವ್ಯಾಪಾರಕ್ಕೆ ಅವಕಾಶ ಇರಬೇಕು. ಬೇರೆಯವರ ಹೆಸರಿನ ಪರವಾನಗಿಯನ್ನು ಬಾಡಿಗೆಗೆ ಕೊಡಿಸುತ್ತೇವೆ ಎನ್ನುವವರನ್ನು ನಂಬಬೇಡಿ.

ಮೊದಲ ಸಲ ಹೋಗುವವರು

ಬೆಳಿಗ್ಗೆ ಒಂಬತ್ತರೊಳಗೆ ಕೊಂಡು ಮುಗಿಸಿ. ಶನಿವಾರ ಒಳ್ಳೆಯದು, ಭಾನುವಾರ ಎಷ್ಟೋ ಅಂಗಡಿ ತೆರೆಯುವುದಿಲ್ಲ. ಹೊಸಬರಿದ್ದಾಗ ಸಂಘದಿಂದ ಇಬ್ಬರು ಜೊತೆಗೆ ಬರುತ್ತೇವೆ. ಗುರುವಾರದೊಳಗೆ ಗ್ರೂಪ್‌ನಲ್ಲಿ ಹೆಸರು ಹಾಕಿ. ಬಟ್ಟೆ ಚೀಲ ನೀವೇ ತನ್ನಿ, ಚಪ್ಪಲಿ ಬೇಡ, ಶೂ ಹಾಕಿ. ಮೀನಿನ ಕಡೆ ನೆಲ ಯಾವಾಗಲೂ ಒದ್ದೆ.